ಸ್ವತ್ತಿನ ವಿವರ

ನಾನು ಹೋದದ್ದು ಒಂದು ಕರಾರುಪತ್ರ ಬರೆಸಲಿಕ್ಕೆ.
ಹೊಸಂಗಡಿ ಗೇಟು ಬಿದ್ದಿತ್ತು. ಕಂಕುಳಲ್ಲಿ
ಉಪ್ಪಳದ ಫ್ಲೆಕ್ಸ್ ಅಂಗಡಿಯಲ್ಲಿ, ಧಣಿ ಊಟಕ್ಕೆ ಹೋದಾಗಲೆಲ್ಲ
ಕದ್ದು ಪ್ರಿಂಟು ತೆಗೆದ ನೂರ ನಲುವತ್ತೊಂದು ಹಾಳೆ.
ಹದಿನೆಂಟನೇ ಪುಟದ ಹಿಂಬದಿಯಲ್ಲಿ ಯಾರದೋ ಗೃಹಪ್ರವೇಶ.

ಅದಕ್ಕೆ ಮೊದಲು ಮೂವರಿಗೆ ಕೊಟ್ಟಿದ್ದೆ.
ಕಾಸರಗೋಡಿನ ಬಿನೀಶ, ಎರಡು ಸಿನಿಮಾಕ್ಕೆ ಅಸಿಸ್ಟೆಂಟು,
ಮೊದಲ ಪುಟ ಮೂಸಿ 'ಒನ್‌ಲೈನ್ ಪರ' ಅಂದ.
ಒಂದು ಸಾಲಿನಲ್ಲಿ ಹೇಳಲಿಕ್ಕೆ ಬರುತ್ತಿದ್ದರೆ
ಇಷ್ಟು ಕಾಗದ ಯಾಕೆ ಕದಿಯುತ್ತಿದ್ದೆ?
ಬಂದ್ಯೋಡಿನ ಮಾಷ್ಟ್ರು ಕಾಗುಣಿತ ತಿದ್ದಿ
ನೂರಕ್ಕೆ ಅರುವತ್ತೆರಡು ಕೊಟ್ಟರು.
ತೊಕ್ಕೊಟ್ಟಿನ ದೀಕ್ಷಿತ ಮಾತ್ರ ಆಗಬಹುದು ಅಂದ:
ಅರ್ಧ ಹೆಸರು, ಅರ್ಧ ದುಡ್ಡು,
ಇಂಟರ್ವಲ್ಲಿಗೆ ಒಂದು ಹೊಡೆದಾಟ.
'ಪೇಪರ್ ಮಾಡಿಸಿಕೊಂಡು ಬಾ.'

ಹಾಗೆ ಬಂದೆ, ರಿಜಿಸ್ಟ್ರಾಫೀಸಿನ ಎದುರು
ಮೆಟ್ಟಿಲ ಕೆಳಗಿನ ಕೋಣೆಗೆ.
ಸೆಲಿನ್ ಮೊಂತೇರೊ. ಮೂವತ್ತೊಂದು ವರ್ಷ
ಈ ಸೀಮೆಯ ಅಣ್ಣತಮ್ಮಂದಿರನ್ನು ಪಾಲು ಮಾಡಿಕೊಟ್ಟ ಕೈ.
ಕನ್ನಡಕದ ಒಂದು ಕಾಲಿಗೆ ನೂಲು.

'ಒಂದನೇ ಪಾರ್ಟಿ?'
'ನಾನು.'
'ಎರಡನೇ ಪಾರ್ಟಿ?'
'ತೊಕ್ಕೊಟ್ಟಿನವ.'
'ಸ್ವತ್ತು ಎಂತದ್ದು?'
ಹಾಳೆ ತೋರಿಸಿದೆ.
'ಸ್ವತ್ತು ನೋಡದೆ ನಾನು ಬರೆಯುವುದಿಲ್ಲ. ಇಟ್ಟು ಹೋಗು.'

ನಾಲ್ಕನೆಯ ದಿನ
ಪ್ರತಿ ಅಂಚಿನಲ್ಲೂ ಪೆನ್ಸಿಲಿನ ಇರುವೆಸಾಲು.
'ನಿನ್ನ ಈ ಲಾರಿ ಡ್ರೈವರ್, ಈ ಬಾತಿಶ,
ಹನ್ನೊಂದು ವರ್ಷದ ಮೇಲೆ ಮನೆಗೆ ಬಂದವ,
ಇವನಿಗೆ ಮೂಡು ಬದಿಯಲ್ಲಿ ಯಾರು?'
ನಾನು ಸುಮ್ಮನೆ.
'ಪಡುವಿಗೆ? ತೆಂಕಿನ ಬಾವಿ ಯಾರದ್ದು?
ಬಡಗಿನ ಬೇಲಿಯಾಚೆ ನಿಂತು ಇವನ ಹೆಂಡತಿಯನ್ನು
ಇಷ್ಟು ವರ್ಷ ಎಣಿಸಿದವರು ಯಾರು?
ನಾಲ್ಕು ಮೇರೆ ಇಲ್ಲದ ಜಾಗವೇ ರಿಜಿಸ್ಟ್ರಿ ಆಗುವುದಿಲ್ಲ ಮಗಾ,
ಮನುಷ್ಯ ಹೇಗೆ ಆಗ್ತಾನೆ?'

ಮತ್ತೆ ಇಪ್ಪತ್ತೆರಡನೇ ಪುಟ. ಅಲ್ಲಿ ಬಾತಿಶ ಕಾಲು ಹಿಡಿದು
'ನನ್ನನ್ನು ಕ್ಷಮಿಸು ತಾಯೇ, ನಾನು ಅಪರಾಧಿ' ಅನ್ನುತ್ತಾನೆ.
ಅದನ್ನು ಬರೆದ ರಾತ್ರಿ ನಾನು ಅತ್ತಿದ್ದೆ.
ಸೆಲಿನ್‌ಬಾಯಿ ನಕ್ಕರು, ಗೇಟಿನವನಿಗೂ ಕೇಳುವ ಹಾಗೆ.
'ಇವ ಕ್ಲೀನರಿಗೆ ಬೈಯುವುದು ತುಳುವಿನಲ್ಲಿ,
ಪೊಲೀಸಿನ ಮುಂದೆ ಮಲಯಾಳ, ಉಮ್ಮನ ಹತ್ತಿರ ಬ್ಯಾರಿ.
ಕನ್ನಡ ಅವನಿಗೆ ಶಾಲೆಯದ್ದು. ಒಬ್ಬನೇ ಇರುವಾಗ,
ಬಾಡಿಗೆ ಲೆಕ್ಕ ಹಾಕುವಾಗ: ಏಳೆಂಟ್ಲ ಐವತ್ತಾರು.'

ಹಾಗಾದರೆ ಉಮ್ಮನ ಮುಂದೆ ಅವನು ಎಂತ ಹೇಳುವುದು?
ಪೂರ್ತಿ ಡಯಲಾಗಿಗೆ ಅಡ್ಡಗೆರೆ ಎಳೆದು ಬರೆದರು:
ಬಾವಿಯಿಂದ ನೀರು ಸೇದುತ್ತಾನೆ.
ಹಗ್ಗ ಹೊಸದು. ಅವನ ಕೈಗೆ ಪರಿಚಯ ಇಲ್ಲ.

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.
ನೀವು ಸಿನಿಮಾ ನೋಡುತ್ತೀರಾ, ಕುತ್ತುವ ಹಾಗೆ ಕೇಳಿದೆ.
'ಮದುವೆಯಾದ ವರ್ಷ ಒಂದು. ಅರ್ಧದಲ್ಲಿ ಕರೆಂಟು ಹೋಯಿತು.
ಆಮೇಲೆ ಅವರು ಕುವೈಟಿಗೆ ಹೋದರು.
ಎರಡರ ಕೊನೆಯೂ ಗೊತ್ತಿಲ್ಲ.'
ಹೇಳಿ, ಪೆನ್ಸಿಲು ಕೆತ್ತಲಿಕ್ಕೆ ಕೂತರು.

ದೀಕ್ಷಿತನ ಫೋನು ಎರಡು ಸಲ ಬಂತು, ಎತ್ತಲಿಲ್ಲ.
ಈಗ ಶನಿವಾರ ಮಧ್ಯಾಹ್ನ, ಆಫೀಸು ಮುಚ್ಚಿದ ಮೇಲೆ,
ಎರಡು ಚಾಯ, ಒಂದು ಗೋಳಿಬಜೆ ಪೊಟ್ಟಣ, ಜಗಳ.
ಹೊಡೆದಾಟ ಸತ್ತಿತು. ಹಾಡೊಂದನ್ನು ಅವರು ಕೊಂದರು.
ಲಾರಿಯ ಹಾರ್ನನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ.
ಇನ್ನೂರರ ಸ್ಟಾಂಪು ಪೇಪರು ಡ್ರಾಯರಿನಲ್ಲಿ ಹಾಗೇ ಇದೆ,
ಎರಡನೇ ಪಾರ್ಟಿ ಖಾಲಿ.
ನಿಮ್ಮ ಹೆಸರು ಹಾಕುತ್ತೇನೆ ಅಂದರೆ ಒಪ್ಪುವುದಿಲ್ಲ.
'ಪತ್ರ ಬರೆದವಳು ಪಾರ್ಟಿ ಆಗಬಾರದು.
ಕೆಳಗೆ, ಸಾಕ್ಷಿಗಳ ನಂತರ, ಒಂದು ಗೆರೆ ಉಂಟಲ್ಲ,
ಬರೆದವರು ಅಂತ. ನನಗೆ ಅದು ಸಾಕು.'

ನಲುವತ್ತಮೂರನೇ ದೃಶ್ಯ ಮುಂದೆ ಹೋಗುತ್ತಿಲ್ಲ.
ಹೊರಗೆ ಬಾತಿಶ, ಒಳಗೆ ಅವನ ಹೆಂಡತಿ.
ಬಾಗಿಲು ತೆಗೆಯುತ್ತಾಳೆ ಅಂತ ನಾನು.
'ಮೊದಲು ಅವಳ ಮೀನು ಬೇಯಲಿ' ಅಂತ ಸೆಲಿನ್‌ಬಾಯಿ.
ಮತ್ತೆ ಗೇಟು ಬಿತ್ತು. ಗೂಡ್ಸು ಗಾಡಿ.
ಇಬ್ಬರೂ ಮಾತು ನಿಲ್ಲಿಸಿ ಡಬ್ಬಿ ಎಣಿಸಿದೆವು:
ನನಗೆ ಐವತ್ತೆಂಟು ಸಿಕ್ಕಿತು, ಅವರಿಗೆ ಐವತ್ತೊಂಬತ್ತು.