ಮೇಲಿನದು ಕೆಳಗಿನದರ ಒಳಗೆ

ಬಂದರಿನ ಒಣಮೀನಿನ ಗೋದಾಮಿನ ಹಿಂದೆ
ಪೊಡಿಯಬ್ಬನ ಅಂಗಡಿ. ಅಂಗಡಿಯೆಂದರೆ
ಒಂದು ತುಂಡು ರೈಲು ಹಳಿ, ಎರಡು ಕತ್ತರಿ,
ಹುಣಸೆ ಮರದ ಕೊಡತಿ,
ಮತ್ತೆ ದಿನವಿಡೀ ಟಣ್ ಟಣ್.
ಅಲ್ಲಿ ನಾನು ಹದಿನಾರರಲ್ಲಿ
ತಗಡನ್ನು ಕೊಳವೆ ಮಾಡಲು ಕಲಿತೆ:
ಅಂಚು ಮಡಚು, ಅಂಚಿಗೆ ಅಂಚು ಸಿಕ್ಕಿಸು, ಬಡಿ.
ಬೆಸುಗೆ ಬೇಡ. ಬೆಂಕಿಯ ಎದುರು ಸೀಸ ನಿಲ್ಲುವುದಿಲ್ಲ.

ನಾಲ್ಕಿಂಚು ಸಾಕಾ ಎಂದು ಕೇಳಿ ಬಂದವರನ್ನು
ಅವನೇ ತಿರುಗಿ ಕೇಳುತ್ತಿದ್ದ: ಒಲೆಗೆ ಎಂಥ ಹಾಕ್ತೀರಿ?
ಗೆರಟೆಯಾ, ಕೊತ್ತಳಿಗೆಯಾ, ಹಸಿ ಗೇರು ಸೌದೆಯಾ?
"ಹಸಿ ಸೌದೆಯವರಿಗೆ ಆರಿಂಚು.
ಸುಳ್ಳು ಹೇಳಬೇಡಿ, ನಾಳೆ ಗೋಡೆ ಹೇಳ್ತದೆ."

ಕುಲಶೇಖರದಲ್ಲಿ ಸೆವ್ರಿನ್ ಬಾಯಮ್ಮನ ಬಚ್ಚಲು.
ತಾಮ್ರದ ಹಂಡೆ, ಹಂಡೆಯ ಕೆಳಗೆ ಒಲೆ,
ಮುರಕಲ್ಲಿನ ಗೋಡೆಗೆ ತೂತು.
ನಾನೊಬ್ಬನೇ ಹೋದ ಮೊದಲ ಕೆಲಸ.
ಹೊಗೆ ಮೇಲೆ ಹೋಗುತ್ತದಲ್ಲ,
ಹಾಗಾದರೆ ಕೆಳಗಿನ ಕೊಳವೆಯ ತುದಿ
ಮೇಲಿನದರ ಒಳಗೆ ತೂರಬೇಕು.
ಹೀಗೆ ಲೆಕ್ಕ ಹಾಕಿದೆ, ಹಾಗೇ ಕೂರಿಸಿದೆ,
ಕಾಫಿ ಕುಡಿದು ನೂರರ ನೋಟು ಮಡಚಿಕೊಂಡು
ಬಂದೆ.

ತಿಂಗಳಾಗಿರಲಿಲ್ಲ, ಬಾಯಮ್ಮನ ಆಳು ಬಂದ:
ಜೋಡಿಸಿದಲ್ಲೆಲ್ಲ ಕಪ್ಪು ಇಳಿಯುತ್ತಿದೆಯಂತೆ.
ಹೋಗಿ ನೋಡಿದರೆ ಹೌದು.
ಸುಣ್ಣದ ಗೋಡೆಯ ಮೇಲೆ ಮೂರು ಗೆರೆ,
ಕಾಕಂಬಿಯ ಹಾಗೆ ದಪ್ಪ, ಮುಟ್ಟಿದರೆ ಅಂಟು,
ಮೂಸಿದರೆ ಸುಟ್ಟ ಗೇರುಬೀಜದ ಸಿಪ್ಪೆ.

ಪೊಡಿಯಬ್ಬ ಬೈಯಲಿಲ್ಲ. ಏಣಿ ಹತ್ತಿ
ಒಂದೊಂದನ್ನೇ ಬಿಚ್ಚಿ ತಲೆಕೆಳಗು ಮಾಡಿದ.
"ಹೋಗುವುದರ ಚಿಂತೆ ನಮಗೆಂಥದ್ದು ಮಾರಾಯ?
ಹೊಗೆಗೆ ದಾರಿ ಗೊತ್ತುಂಟು.
ಹೋಗ್ತಾ ಹೋಗ್ತಾ ತಣ್ಣಗಾಗಿ, ಬೆವರಿ,
ಅರ್ಧದಿಂದ ವಾಪಸು ಬರ್ತದಲ್ಲ ಒಂದಿಷ್ಟು,
ನಾವು ದಾರಿ ಮಾಡುವುದು ಅದಕ್ಕೆ.
ಮೇಲಿನದು ಕೆಳಗಿನದರ ಒಳಗೆ.
ಒಲೆಯದ್ದು ಒಲೆಗೇ ಬೀಳಲಿ."

ಆಮೇಲೆ ಮಾಡಿನ ತಲೆಗಿಂತ ಎರಡಡಿ ಎತ್ತರಿಸಿ
ಟೊಪ್ಪಿ ಇಟ್ಟ, ಪಡುಗಾಳಿಗೆ ಬೆನ್ನು ಮಾಡಿ.
ಕೆಳಗೆ ಬಾಯಮ್ಮ ಗೆರಟೆ ಹೊತ್ತಿಸಿದರು.
ಕೊಳವೆ ಬಿಸಿಯಾಗುವಷ್ಟು ಹೊತ್ತು
ಹೊಗೆ ಬಚ್ಚಲಲ್ಲೇ ಅನುಮಾನಿಸುತ್ತ ನಿಂತಿತ್ತು.
ಮತ್ತೆ ಒಮ್ಮೆಗೇ ಗುಂಯ್ ಎಂದು
ಎದ್ದು ಹೋಯಿತು.

ಪೊಡಿಯಬ್ಬ ಹೋಗಿ ಹನ್ನೊಂದು ವರ್ಷ.
ಹಳಿಯ ತುಂಡು ಈಗ ನನ್ನದು.
ಮೊನ್ನೆ ಅದೇ ಬಚ್ಚಲಿಂದ ಮತ್ತೆ ಕರೆ:
ಬಾಯಮ್ಮನ ಸೊಸೆ ಐರಿನ್.
ಹಂಡೆ ಗುಜರಿಗೆ ಹೋಗಿದೆ. ನೆಲಕ್ಕೆ ಟೈಲು,
ಕಿಟಕಿಗೆ ಗಾಜು, ಗೋಡೆಯಲ್ಲಿ
ಬಿಳಿ ಪೆಟ್ಟಿಗೆ, ಗ್ಯಾಸ್ ಗೀಸರು.
"ಆ ಹಳೇ ಪೈಪು ತೆಗೆದು ತೂತಿಗೆ ಸಿಮೆಂಟು ಹಾಕಿ.
ಇದಕ್ಕೆ ಹೊಗೆ ಇಲ್ಲ."

ಇದ್ದಿದ್ದರೆ ಒಳ್ಳೆಯದಿತ್ತು.
ಹೊಗೆ ಕೆಮ್ಮಿಸುತ್ತದೆ, ಕಣ್ಣಲ್ಲಿ ನೀರು ತರಿಸುತ್ತದೆ,
ಬಾಗಿಲು ತೆಗೆ ಎಂದು ಬೊಬ್ಬೆ ಹಾಕುತ್ತದೆ.
ಈ ನೀಲಿ ಬೆಂಕಿ ಬಿಡುವ ಗಾಳಿ ಏನೂ ಹೇಳುವುದಿಲ್ಲ,
ನಿದ್ದೆ ಬರಿಸುತ್ತದೆ, ಅಷ್ಟೆ.
ಇದನ್ನೆಲ್ಲ ನನಗೆ ಸರಿಯಾಗಿ ಹೇಳಲು ಬರಲಿಲ್ಲ.
ಏಣಿ ಹತ್ತಿದೆ. ಹಳೆಯ ತಗಡು ಕೈಯಲ್ಲೇ ಪುಡಿಯಾಯಿತು.
ಅದರ ಹಿಂದಿನ ಗೋಡೆ ಮಾತ್ರ
ಪೊಡಿಯಬ್ಬನ ಮುಂಡಿನ ಹಾಗೆ ಬಿಳಿ,
ಒಂದು ಗೆರೆಯೂ ಇಲ್ಲ.

ಅಂಗಡಿಗೆ ಹೋಗಿ ಮೂರಿಂಚಿನ ಹೊಸದು ತಂದು
ಪೆಟ್ಟಿಗೆಯ ನೆತ್ತಿಗೆ ಕೂರಿಸಿ, ಸ್ವಲ್ಪ ಏರಿಸಿ,
ಅದೇ ತೂತಿನಿಂದ ಹೊರಗೆ ಬಿಟ್ಟೆ.
ಸಿಮೆಂಟು ಹಾಕಿದ್ದು ಸುತ್ತಲಿನ ಸಂದಿಗೆ.
"ಮುಚ್ಚಲಿಕ್ಕಲ್ಲವಾ ನಿಮ್ಮನ್ನು ಕರೆದದ್ದು?"
ಮುಚ್ಚಿದ್ದಕ್ಕೆ ಮಾತ್ರ ಕೊಡಿ, ಎಂದೆ.

ಒಳಗೆ ಯಾರೋ ನಲ್ಲಿ ತಿರುಗಿಸಿದರು.
ಹೊರಗೆ ಏಣಿಯ ಮೇಲೆ ನಿಂತು
ಕೊಳವೆಯ ಬಾಯಿಗೆ ಅಂಗೈ ಹಿಡಿದೆ:
ಬಿಸಿ. ಒದ್ದೆ.
ಕಾಣುವಂಥದ್ದು ಏನೂ ಇಲ್ಲ.