ಟಿಕೆಟ್ ಇಲ್ಲದವನು

ಬಿಣಗಾ ತಿರುವಿನಲ್ಲಿ ಹತ್ತಿದವನು,
ನನ್ನ ಬಲ ಸೊಂಟದ ಕಂಬಿ ಹಿಡಿದು ನಿಂತ.
ಆರು ವರ್ಷವಾಯಿತು, ಇಳಿದಿಲ್ಲ.

ಕಾರವಾರ–ಕುಮಟಾ, ಕುಮಟಾ–ಶಿರಸಿ.
ದೇವಿಮನೆ ಘಟ್ಟದ ಒಂದೊಂದು ತಿರುವಿಗೂ
ತೊಡೆಯ ಹಿಂದಿನಿಂದ ಹಿಮ್ಮಡಿಯವರೆಗೆ
ಕಾದ ತಂತಿ ಎಳೆಯುತ್ತಾನೆ.
ನಾನು ಸೀಟಿನ ಬೆನ್ನಿಗೆ ಮೊಣಕಾಲು ಕೊಟ್ಟು
ಚಿಲ್ಲರೆ ಎಣಿಸುತ್ತೇನೆ,
ಹನ್ನೆರಡು, ಹದಿನೇಳು, ಮುಂದೆ ಹೋಗಿ, ಮುಂದೆ ಹೋಗಿ.

ಹುಬ್ಬಳ್ಳಿಯವರು ಫಿಲ್ಮನ್ನು ದೀಪಕ್ಕೆ ಹಿಡಿದು ನೋಡಿದರು,
ನನ್ನ ಕಡೆ ನೋಡಲಿಲ್ಲ.
ಗೋವೆಯ ಕಡೆ ಬೆಳಗಿನ ಆರಕ್ಕೆ ಚೀಟಿ, ಮಧ್ಯಾಹ್ನ ಎರಡಕ್ಕೆ ಸರದಿ,
ಎರಡೇ ನಿಮಿಷಕ್ಕೆ "ನೆಕ್ಸ್ಟ್".
ಮಣಿಪಾಲದ ಹುಡುಗ, ಪಾಪ, ಮೆತ್ತಗೆ ಕೇಳಿದ:
"ಮನೆಯಲ್ಲಿ ಏನಾದರೂ ಚಿಂತೆ?"
ಡಿಪೋದಲ್ಲಂತೂ ಹೆಸರೇ ಇಟ್ಟಿದ್ದರು: ರಜೆ ಬೇನೆ.
ಕೊನೆಗೆ ನನಗೂ ಅನುಮಾನ,
ಇವನು ಇದ್ದಾನೋ,
ಖಾಲಿ ಸೀಟಿನ ಜೊತೆ ನಾನೇ ಮಾತಾಡುತ್ತಿದ್ದೇನೋ.

ಕೋಡಿಬಾಗದಲ್ಲಿ ಝೆರಾಕ್ಸ್ ಅಂಗಡಿಯ ಮೇಲೆ
ಡಾಕ್ಟರ್ ನಫೀಸಾ ದಾಮುದಿ. ಹದಿನಾಲ್ಕು ಮೆಟ್ಟಿಲು.
ಐದನೆಯದಕ್ಕೆ ಕೂತೆ. ಏಳಲಾಗಲಿಲ್ಲ.
ಮೇಲೆ ಯಾರೋ ಹೇಳಿರಬೇಕು,
ಅವರೇ ಚಪ್ಪಲಿ ಮೆಟ್ಟಿ ಇಳಿದು ಬಂದು
ನಾಲ್ಕನೆಯ ಮೆಟ್ಟಿಲಲ್ಲಿ ಕೂತರು, ನನಗಿಂತ ಕೆಳಗೆ.
ಅಂಗಡಿಯ ಯಂತ್ರ ಯಾರದೋ ಆಧಾರ್ ಕಾರ್ಡನ್ನು
ಗರಗರ ತೆಗೆಯುತ್ತಲೇ ಇತ್ತು.

ಹತ್ತರಲ್ಲಿ ಎಷ್ಟು ನೋವು ಎಂದು ಕೇಳಲಿಲ್ಲ.
"ಏನೇನು ಬಿಟ್ಟಿರಿ, ಶೇವಂತಿ?"

ನೆಲಕ್ಕೆ ಕೂತು ಉಣ್ಣುವುದು.
ತಂಗಿಯ ಮಗುವನ್ನು ಎತ್ತುವುದು.
ಬಲ ಮಗ್ಗುಲಿಗೆ ಮಲಗುವುದು. ಮತ್ತೆ,
ಮತ್ತೆ, ಸಿಡುಕದೆ ಮಾತಾಡುವುದು.
ಬರೆದುಕೊಂಡರು. ಕೊನೆಯದನ್ನೂ.
ಬಿಣಗಾದಲ್ಲಿ ಹತ್ತಿದವನ ಕತೆಯನ್ನೂ ಹೇಳಿಬಿಟ್ಟೆ,
ಮೂರು ಜಿಲ್ಲೆಯಲ್ಲಿ ಯಾರಿಗೂ ಹೇಳದ್ದು.
ನಗಲಿಲ್ಲ ಅವರು. ಪೆನ್ನಿನ ತುದಿ ಕಚ್ಚಿ ಯೋಚಿಸಿದರು.

"ಪೂರ್ತಿ ಇಳಿಸುತ್ತೇನೆಂದು ಸುಳ್ಳು ಹೇಳಲಾರೆ.
ಹಿಂದಿನ ಸೀಟಿಗೆ ಕಳಿಸೋಣ. ಕೂರಿಸೋಣ.
ಮುಂದಿನ ಮಂಗಳವಾರ ಬನ್ನಿ. ಅದರ ಮುಂದಿನದಕ್ಕೂ.
ಹತ್ತಲಾಗದ ದಿನ ಕೆಳಗಿಂದ ಫೋನು ಮಾಡಿ."

ಅಳು ಬಂದದ್ದು ಅಲ್ಲಲ್ಲ.
ಕಾಳಿ ಸೇತುವೆಯ ಹತ್ತಿರ, ರಿಕ್ಷಾದಲ್ಲಿ,
ಡ್ರೈವರ್ "ಬಾಯಿ, ಜಾಸ್ತಿ ನೋವಾ?" ಅಂದಾಗ.
ಇಲ್ಲ ಮಾರಾಯಾ, ಅಂದೆ, ಇವತ್ತು ಸ್ವಲ್ಪ ಕಡಿಮೆ.
ಸುಳ್ಳು. ಅಷ್ಟೇ ಇತ್ತು.

ಈಗಲೂ ಇದ್ದಾನೆ. ಗುಳಿಗೆ ಇದೆ, ಗೋಡೆಗೊರಗಿ ಮಾಡುವ
ಹತ್ತು ನಿಮಿಷದ ಕಸರತ್ತಿದೆ, ಮಂಗಳವಾರವಿದೆ.
ಮೊನ್ನೆ ಅಮದಳ್ಳಿಯಿಂದ ಅವರ್ಸಾದವರೆಗೆ
ನಿದ್ದೆ ಹೋಗಿದ್ದ.
ಪೀಪಿಯನ್ನು ಮೆಲ್ಲಗೆ ಊದಿದೆ.