ಗೋಣಿ ಮುಚ್ಚಿದ ಬುಟ್ಟಿ

ದಕ್ಕೆಯಲ್ಲಿ ಮೀನು ಕೊಳ್ಳುವಾಗ
ಮೊದಲು ಕಿವಿರು ಎತ್ತಿ ನೋಡಬೇಕು.
ಕೆಂಪಿದ್ದರೆ ಬೆರಳೆತ್ತು, ಕಂದಿದ್ದರೆ ಕೈ ಸೆರಗಿನೊಳಗೆ.
ಇಪ್ಪತ್ತೆರಡು ವರ್ಷ ಮಲ್ಪೆಯ ಏಲಂನಲ್ಲಿ ನಿಂತು
ನಾನು ಕಲಿತದ್ದು ಇಷ್ಟೇ, ಇಷ್ಟರಲ್ಲೇ
ಮನೆಗೆ ಹೆಂಚು ಹೋಗಿ ತಾರಸಿ ಬಂತು.

ಈಗ ಜೂನ್. ಬೋಟುಗಳೆಲ್ಲ
ಒಂದಕ್ಕೊಂದು ಭುಜ ತಾಗಿಸಿ ನಿದ್ದೆ.
ಅರವತ್ತೊಂದು ದಿನ ಕಡಲಿಗೆ ರಜೆ, ನನಗೂ.
ಇವರು ಐಸ್ ಪ್ಲಾಂಟಿನ ಲೆಕ್ಕದ ಪುಸ್ತಕ ಮುಚ್ಚಿ
ಫೋನು ಹಿಡಿದು ಜಗಲಿಯಲ್ಲಿ ಕೂತಿದ್ದಾರೆ:
"ವಿಮಾನ, ಮೂರು ರಾತ್ರಿ ಹೋಟೆಲು, ವಿಶಾಖಪಟ್ಟಣ. ಜುಲೈಯಲ್ಲಿ.
ನಾವೇ ರೇಟು ಹೇಳುವುದಂತೆ. ಒಪ್ಪಿದರೆ ನಮ್ಮದು."

"ಹೋಟೆಲಿನ ಹೆಸರು?"
"ದುಡ್ಡು ಕಟ್ಟಿದ ಮೇಲೆ ಹೇಳುತ್ತಾರೆ."
"ಅಂದರೆ ಬುಟ್ಟಿಗೆ ಗೋಣಿ ಮುಚ್ಚಿ ಏಲಂ."
"ಮೂರು ನಕ್ಷತ್ರ ಉಂಟು. ಕಡಲು ಕಾಣುತ್ತದಂತೆ."
"ನಮಗೆ ಕಡಲು ಕಾಣದ್ದು ಯಾವಾಗ?"

ವಾರಿಜಕ್ಕನಿಗೆ ಒಮ್ಮೆ ಹೀಗೇ ಆಗಿತ್ತು.
ಕರೆಂಟು ಹೋದ ಹೊತ್ತಲ್ಲಿ
ಮೇಲೆ ಕಂಡ ನಾಲ್ಕು ಅಂಜಲ್ ನಂಬಿ ಕೂಗಿದಳು;
ಕೆಳಗೆಲ್ಲ ನಿನ್ನೆಯ ಬೂತಾಯಿ.
ಅದೇ ವಾರಿಜಕ್ಕ ಇನ್ನೊಂದು ಸಲ
ಯಾರೂ ಮುಟ್ಟದ ಬುಟ್ಟಿ ಹಿಡಿದು
ಅಡಿಯಲ್ಲಿ ಮಾಂಜಿ ಸಿಕ್ಕಿ, ಆ ದುಡ್ಡಲ್ಲಿ
ಮಾಡಿಸಿದ ಓಲೆ ಇನ್ನೂ ಕಿವಿಯಲ್ಲಿದೆ.
ಬೂತಾಯಿಯ ಕತೆ ಅವಳು ಹೇಳುವುದಿಲ್ಲ,
ನಾವು ಹೇಳುತ್ತೇವೆ.

ಇವರು ಹದಿನಾರು ಸಾವಿರ ಹಾಕಿದರು. ಒಪ್ಪಲಿಲ್ಲ.
ಹದಿನೆಂಟು. "ಹತ್ತಿರ ಬಂದಿದ್ದೀರಿ" ಎಂದಿತು ಫೋನು.
ಆ ಮಾತು ನನಗೆ ಗೊತ್ತು.
ಏಲಂ ಕೂಗುವ ಸೀನಣ್ಣನ ಹುಬ್ಬು ಹೀಗೇ ಏರುತ್ತದೆ,
ಎದುರಿಗೆ ಇನ್ನೊಂದು ಗಿರಾಕಿ ಇಲ್ಲದಾಗಲೂ.
ಆದರೆ ದಕ್ಕೆಯಲ್ಲಿ ತಿರುಗಿ ನೋಡಬಹುದು, ಹಿಂದೆ
ಯಾರಿದ್ದಾರೆ, ಯಾರ ಸೊಂಟದಲ್ಲಿ ಎಷ್ಟು ಉಂಟು.
ಇಲ್ಲಿ ನಾನು ತಿರುಗಿದರೆ ಗೋಡೆ.
ಗೋಡೆಯ ಹಲ್ಲಿ ಲೊಚಗುಟ್ಟಿತು,
ಹಾಕು ಎಂದೋ ಬೇಡ ಎಂದೋ.

ಇನ್ನು ಮೂರು ನಿಮಿಷ.
ಇವರ ಹೆಬ್ಬೆರಳು ನಡುಗುತ್ತಿತ್ತು,
ಮೂವತ್ತು ವರ್ಷ ಪರರ ದುಡ್ಡು ಕೂಡಿಸಿದ ಬೆರಳು,
ತನ್ನದೊಂದು ರೂಪಾಯಿ ಎಲ್ಲೂ ಇಟ್ಟದ್ದಲ್ಲ.
ನೋಡಿ ನೋಡಿ ನನಗೆ ಹಟ ಬಂತು.
"ಕೊಡಿ ಇಲ್ಲಿ. ಸೊನ್ನೆಗೆ ನಿಲ್ಲಿಸಿ ಯಾರಾದರೂ ಕೂಗುತ್ತಾರಾ?"
ಹತ್ತೊಂಬತ್ತು ಸಾವಿರದ ಇನ್ನೂರ ಒಂದು.

ಚಕ್ರ ತಿರುಗಿತು. ತಿರುಗಿತು.
ದುಡ್ಡು ಹೋಯಿತು, ಹೆಸರು ಬಂತು.
ಚಿತ್ರದಲ್ಲಿ ಹಾಸಿಗೆ, ಕಿಟಕಿ, ಕಿಟಕಿಯಲ್ಲಿ ಕಡಲು.
ಇವರು ಎರಡು ಬೆರಳಲ್ಲಿ ಮ್ಯಾಪು ಹಿಗ್ಗಿಸಿದರು:
ಎದುರಿಗೇ ಮೀನುಗಾರಿಕಾ ಬಂದರು.

ಒಂದು ಸಲವಾದರೂ ಮೀನಿನ ವಾಸನೆ ಇಲ್ಲದ ಕಡೆ
ಮಲಗಬೇಕು ಎಂದಿದ್ದೆ ನಾನು, ಹೋದ ವರ್ಷ.

ಕೆಳಗೆ ಸಣ್ಣಕ್ಷರ: ಹಣ ಹಿಂದಿರುಗಿಸುವುದಿಲ್ಲ,
ದಿನ ಬದಲಿಸುವುದಿಲ್ಲ. ಬಜಪೆಯಿಂದ ಬೆಳಿಗ್ಗೆ ಆರಕ್ಕೆ ವಿಮಾನ;
ಅಂದರೆ ರಾತ್ರಿ ಎರಡೂವರೆಗೆ ಟ್ಯಾಕ್ಸಿ,
ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.
ಇವರು ಕಿಸೆಯಿಂದ ಪೆನ್ನು ತೆಗೆದು
ಕ್ಯಾಲೆಂಡರಿನ ಬೆನ್ನಲ್ಲಿ ಕೂಡಿಸಿದರು, ಕಳೆದರು,
"ಎಂಟುನೂರು ಚಿಲ್ಲರೆ" ಎಂದರು.
ಲಾಭವೋ ನಷ್ಟವೋ, ಹೇಳಲಿಲ್ಲ.

ದೀಪ ಆರಿಸಿದ ಮೇಲೆ ಕೇಳಿದೆ,
"ಆ ಬದಿಯ ಕಡಲಿಗೆ ರಜೆ ಮುಗಿದಿರುತ್ತದಲ್ಲ?"
"ಹೂಂ. ಜೂನ್ ಹದಿನಾಲ್ಕಕ್ಕೇ."
ಹಾಗಾದರೆ ನಸುಕಿಗೇ ಅಲ್ಲಿ ಕೂಗು ಶುರು.
ತೆಲುಗಿನಲ್ಲಿ ಕೂಗುತ್ತಾರೆ. ಕೂಗಲಿ.
ಕೆಂಪು ಅಲ್ಲಿಯೂ ಕೆಂಪೇ.
ಕತ್ತಲಲ್ಲಿ ಸುಮ್ಮನೆ ಒಂದು ಬೆರಳೆತ್ತಿ ನೋಡಿದೆ.
"ಏನದು?" ಎಂದರು ಇವರು.
"ನುಸಿ," ಎಂದೆ.